ಸುಡದ ಚೆಂಡುಹೂವು

ಟ್ರೇಯ ದ್ರಾವಣದಲ್ಲಿ ಮೊದಲು ಕಾಣಿಸಿಕೊಂಡದ್ದು ಕಿಟಕಿ. ಆಮೇಲೆ ಅದರ ಕೆಳಗಿನ ಗಾಲಿ, ಗಾಲಿಯ ಪಕ್ಕದ ಹುಲ್ಲು, ಕೊನೆಗೆ ಆ ಜನರೇಟರ್ ಮೆಷಿನ್. ಕೆಂಪು ದೀಪದಡಿ ಬಿಳಿ ಕಾಗದದ ಮೇಲೆ ಒಂದು ಬೆಳಗು ಮೂಡುವುದನ್ನು ನೋಡುತ್ತ ನಿಂತರೆ ನನಗೆ ಹಸಿವು, ನಿದ್ದೆ, ಹೊರಗೆ ಕಾಯುತ್ತಿರುವ ಗಿರಾಕಿ ಯಾವುದೂ ನೆನಪಿರುವುದಿಲ್ಲ. ನನ್ನ ಹೆಂಡತಿ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತಾಳೆ. ಅದು ಇಲ್ಲಿ ಬೇಡ.

"ಇನ್ನೂ ದೊಡ್ಡದು ಮಾಡೋಕಾಗುತ್ತಾ ಗೋವಿಂದ?" ಎಂದು ಬೆನ್ನ ಹಿಂದಿನಿಂದ ಪತ್ತೇದಾರ ಷಡಕ್ಷರಪ್ಪನವರು ಕೇಳಿದರು.

ಬೆಳಗಿನಿಂದ ಅವರದು ಇದೊಂದೇ ರಾಗ. ಡಾರ್ಕ್ ರೂಮಿನಲ್ಲಿ ನಸ್ಯ ಏರಿಸಬೇಡಿ ಎಂದು ಕೈಮುಗಿದು ಹೇಳಿದ್ದೆ. ಅವರು ಏರಿಸಿಯೇ ಇದ್ದರು. ಸೀನು ಬಂದರೆ ನೇರ ಚಿತ್ರದ ಮೇಲೆಯೇ ಬರುತ್ತದೆ ಎಂದು ನಾನು ಟ್ರೇಗೆ ಅಡ್ಡ ನಿಂತಿದ್ದೆ.

ಶಿವಮೊಗ್ಗದಲ್ಲಿ ಪೊಲೀಸರಿಗೆ ಫೋಟೋ ತೆಗೆದುಕೊಡುವವನು ನಾನೇ. ಮದುವೆ ಮನೆಯಲ್ಲಿ ನಗಿಸಿ ತೆಗೆಯುತ್ತೇನೆ, ಠಾಣೆಯವರು ಕರೆದರೆ ಸುಮ್ಮನೆ ತೆಗೆಯುತ್ತೇನೆ. ಈ ಚಿತ್ರ ವಿಜಯದಶಮಿಯ ಬೆಳಿಗ್ಗೆ ತ್ಯಾವರೆಕೊಪ್ಪದ ಕಾಡಂಚಿನ ಕೆರೆಯ ದಂಡೆಯಲ್ಲಿ ತೆಗೆದದ್ದು. ಕಂಟ್ರಾಕ್ಟರ್ ಶಿವಯೋಗಪ್ಪ, ಜೀಪಿಗೆ ಕಟ್ಟಿ ಎಳೆಯುವ ತನ್ನ ಗಾಡಿಮನೆಯೊಳಗೆ ಸತ್ತು ಮಲಗಿದ್ದ. ಕಿಟಕಿಯ ಕೆಳಗಿದ್ದ ಜನರೇಟರಿನ ಹೊಗೆ ರಾತ್ರಿಯಿಡೀ ಒಳಗೆ ತುಂಬಿ ಉಸಿರುಕಟ್ಟಿಸಿತು ಎಂಬುದು ಪೊಲೀಸರ ತೀರ್ಮಾನ. ನಾಳೆ ಇನ್ಸ್‌ಪೆಕ್ಟರು ಅದನ್ನೇ ಬರೆದು ಕೈತೊಳೆದುಕೊಳ್ಳುವವರಿದ್ದರು.

ನಾನು ಮೆಷಿನ್ನಿನ ಭಾಗವನ್ನಷ್ಟೇ ದೊಡ್ಡದು ಮಾಡಿ ಮತ್ತೊಂದು ಕಾಗದವನ್ನು ಟ್ರೇಗೆ ಇಳಿಸಿದೆ. ಮಂಜಿನೊಳಗಿನಿಂದ ಬಂದಂತೆ ಅದು ನಿಧಾನವಾಗಿ ಬಂತು. ಟ್ಯಾಂಕಿನ ಮೇಲೆ ವಿಭೂತಿಯ ಮೂರು ಪಟ್ಟೆ, ಅದರ ನಡುವೆ ಕುಂಕುಮ. ಹೊಗೆ ಬಿಡುವ ಸೈಲೆನ್ಸರಿನ ಮೇಲೂ ವಿಭೂತಿ. ಸೈಲೆನ್ಸರಿಗೆ ಸುತ್ತಿದ ಒಂದು ಚೆಂಡುಹೂವಿನ ಸರ.

"ಏನು ಕಾಣುತ್ತೆ?" ಎಂದರು ಷಡಕ್ಷರಪ್ಪನವರು.

ಆಯುಧಪೂಜೆಯ ಹೂವು ಎಂದೆ. ಆವತ್ತು ಊರಿನಲ್ಲಿ ಹೂವಿಲ್ಲದ ಮೆಷಿನ್ ಯಾವುದಿತ್ತು? ನನ್ನ ಕ್ಯಾಮೆರಾಕ್ಕೂ ಹೆಂಡತಿ ಒಂದು ಸೇವಂತಿಗೆ ಸಿಕ್ಕಿಸಿದ್ದಳು. ಅದಕ್ಕವರು, ನನ್ನ ಮೀನಖಂಡದ ಮೇಲೊಂದು ಸುಟ್ಟ ಕಲೆ ಇದೆಯಲ್ಲ, ಅದು ಹೇಗಾಯಿತು ಎಂದು ಕೇಳಿದರು. ಸ್ನೇಹಿತನ ಮೋಟಾರ್ ಸೈಕಲ್ ಹತ್ತುವಾಗ ಸೈಲೆನ್ಸರ್ ತಾಗಿ ಆದದ್ದು ಎಂದೆ. ಬಾಯಿಂದ ಮಾತು ಬೀಳುತ್ತಿದ್ದಂತೆಯೇ ನನ್ನ ಕಣ್ಣು ಟ್ರೇಯ ಕಡೆ ಹೋಯಿತು.

ಟ್ರೇಯಲ್ಲಿ ತೇಲುತ್ತಿದ್ದ ಚೆಂಡುಹೂವಿನ ಒಂದು ಎಸಳೂ ಸುಟ್ಟಿರಲಿಲ್ಲ. ವಿಭೂತಿ ಹಚ್ಚಿದ್ದು ಹಚ್ಚಿದ ಹಾಗೆ ಬೆಳ್ಳಗಿತ್ತು.

"ರಾತ್ರಿಯೆಲ್ಲಾ ಓಡಿದ ಮೆಷಿನ್ ಮೇಲೆ ಹೂವು ಹಿಂಗಿರುತ್ತಾ ಮಾರಾಯ?" ಎಂದರು ಷಡಕ್ಷರಪ್ಪನವರು.

ಓಡಬಾರದೆಂಬುದೇ ಪದ್ಧತಿ. ಪೂಜೆಗಿಟ್ಟ ಯಂತ್ರವನ್ನು ಮರುದಿನ ಹೂವು ತೆಗೆಯುವವರೆಗೆ ಯಾರೂ ಓಡಿಸುವುದಿಲ್ಲ. ಜೀಪು ಲಾರಿಗಳಿಗೆ ನಿಂಬೆಹಣ್ಣಿನ ಮೇಲೆ ಹತ್ತಿಸಿಕೊಂಡು ತಿರುಗಾಡುವ ರಿಯಾಯಿತಿ ಉಂಟು, ಮಿಕ್ಕ ಉಪಕರಣಗಳಿಗೆ ಇಲ್ಲ. ಭದ್ರಾವತಿಯ ವರ್ಕ್‌ಶಾಪಿನವರಂತೂ ಆವತ್ತು ಮೊಳೆ ಹೊಡೆಯುವುದಕ್ಕೂ ಸುತ್ತಿಗೆ ಎತ್ತುವುದಿಲ್ಲ.

ಆದರೆ ಕೆರೆಯ ಆಚೆ ದಡದ ಜನ ಆ ರಾತ್ರಿ ಮೆಷಿನ್ನಿನ ಸದ್ದು ಕೇಳಿದ್ದರು. ಗಾಡಿಮನೆಯ ಕಿಟಕಿಯಲ್ಲಿ ಬೆಳಕು ಕಂಡಿದ್ದರು. ನೀರಿನಲ್ಲಿ ಅದರ ನೆರಳು ಬಿದ್ದು ಎರಡು ಮನೆಗಳಿದ್ದ ಹಾಗೆ ಕಂಡಿತು ಎಂದು ಹಾಲು ಮಾರುವ ತುಂಗಮ್ಮ ಠಾಣೆಯಲ್ಲಿ ಹೇಳಿದ್ದಳು. ಹಾಗಾದರೆ ಓಡಿದ್ದು ಯಾವ ಮೆಷಿನ್ ಎಂದು ನಾನು ಕೇಳಿದೆ.

ಷಡಕ್ಷರಪ್ಪನವರು ಡಾರ್ಕ್ ರೂಮಿನ ಬಾಗಿಲನ್ನು ದಢಾರನೆ ತೆರೆದು ಹೊರಟೇಬಿಟ್ಟರು. ತೆರೆದಿಟ್ಟಿದ್ದ ಒಂದು ಡಬ್ಬಿ ಕಾಗದ ಬಿಸಿಲು ಕುಡಿದು ಹಾಳಾಯಿತು. ಪತ್ತೇದಾರರ ಸ್ನೇಹ ಮಾಡಿದವನಿಗೆ ಇಂಥದ್ದೆಲ್ಲ ಇದ್ದದ್ದೇ.

*

ಶಿವಯೋಗಪ್ಪನ ಮನೆ ದುರ್ಗಿಗುಡಿಯಲ್ಲಿ. ಪೊಲೀಸರು ಗಾಡಿಮನೆಯನ್ನು ಎಳೆತಂದು ಕಾಂಪೌಂಡಿನೊಳಗೆ ನುಗ್ಗೆಮರದಡಿ ನಿಲ್ಲಿಸಿ ಹೋಗಿದ್ದರು. ಅದರ ಮೆಟ್ಟಿಲ ಮೇಲೆ ಜಗದಾಂಬಾ ಕೂತಿದ್ದರು. ಮಧ್ಯಾಹ್ನದ ಬಿಸಿಲು ಎಲೆಗಳ ನಡುವಿನಿಂದ ಸೋಸಿ ಅವರ ಮೇಲೆ ಬೀಳುತ್ತಿತ್ತು. ಎಷ್ಟು ಹೊತ್ತಿನಿಂದ ಹಾಗೆ ಕೂತಿದ್ದರೋ, ನಾವು ಗೇಟು ತೆರೆದದ್ದೂ ಅವರಿಗೆ ತಿಳಿಯಲಿಲ್ಲ.

ಆ ಗಾಡಿಯನ್ನು ನಾನು ಮೊದಲು ನೋಡಿದ್ದು ಅದು ಹೊಸತಾಗಿದ್ದಾಗ. ಶಿವಯೋಗಪ್ಪ ಭದ್ರಾ ಅಣೆಕಟ್ಟಿನ ಕೆಲಸ ಹಿಡಿದು ವರ್ಷಗಟ್ಟಲೆ ಕ್ಯಾಂಪಿನಲ್ಲಿದ್ದವನು. ಕೆಲಸ ಮುಗಿದು ಊರಿಗೆ ಬಂದ ಮೇಲೆ ಹೆಂಚಿನ ಮನೆಯೊಳಗೆ ನಿದ್ದೆ ಹತ್ತದೆ ಒದ್ದಾಡಿದ. ಕಡೆಗೆ ಭದ್ರಾವತಿಯಲ್ಲಿ ವರ್ಕ್‌ಶಾಪು ಇಟ್ಟಿದ್ದ ತಮ್ಮ ಮೂರ್ತಪ್ಪನಿಗೆ ಹೇಳಿ, ಜೀಪಿನ ಹಿಂದೆ ಕಟ್ಟಿ ಎಳೆಯುವಂಥ ಒಂದು ಟ್ರೈಲರ್ ಮನೆ ಮಾಡಿಸಿದ. ಎರಡು ಮಂಚ, ಮಡಚುವ ಮೇಜು, ಬೆತ್ತದ ಚಾವಣಿ, ಜಗದಾಂಬಾ ಹೊಲಿದ ಹಳದಿ ಪರದೆ. ರಜೆ ಸಿಕ್ಕರೆ ಗಂಡ ಹೆಂಡತಿ ಯಾವುದಾದರೂ ಕೆರೆಯ ದಂಡೆಗೆ ಹೊರಟುಬಿಡುತ್ತಿದ್ದರು. ಊರಿನವರು ನಗುತ್ತಿದ್ದರು. ನನಗೆ ಮಾತ್ರ ಹೊಟ್ಟೆಕಿಚ್ಚಾಗುತ್ತಿತ್ತು.

ಗಾಡಿಗೆ ಬೆಳಕು ಬೇಕಾದಾಗ ಬೆಂಗಳೂರಿನ ಏಜೆಂಟು ನೋಡಲೆಂದು ಎರಡು ಜನರೇಟರು ಕಳಿಸಿದ್ದ. ಒಂದು ದೊಡ್ಡದು, ಎರಡು ಗಾಲಿಯ ಮೇಲೆ ಕೂತದ್ದು. ಪೆಟ್ರೋಲಿನಲ್ಲಿ ಹೊರಟು ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗುವ ಜಾತಿ. ಇನ್ನೊಂದು ಚಿಕ್ಕದು, ಬರಿಯ ಪೆಟ್ರೋಲಿನದು, ಗಟ್ಟಿ ಆಳೊಬ್ಬ ಎತ್ತಿಕೊಂಡು ಹೋಗಬಹುದಾದದ್ದು. ಅಣ್ಣ ತಮ್ಮ ಇಬ್ಬರೂ ದೊಡ್ಡದಕ್ಕೇ ಮನಸ್ಸು ಮಾಡಿದ್ದರು. ಜಗದಾಂಬಾ ನಾಲ್ಕು ಬಲ್ಬು, ಒಂದು ಫ್ಯಾನು, ಒಂದು ರೇಡಿಯೋ ಎಂದು ಬೆರಳು ಮಡಚಿ, ಇಬ್ಬರು ಮಲಗುವ ಗಾಡಿಗೆ ಟೂರಿಂಗ್ ಟಾಕೀಸಿನ ಮೆಷಿನ್ ಯಾಕೆ ಎಂದು ಕೇಳಿದರಂತೆ. ದೊಡ್ಡದರ ಗದ್ದಲದಲ್ಲಿ ರೇಡಿಯೋ ಕೇಳುವುದಿಲ್ಲ, ಅದರ ಮಸಿಗೆ ಪರದೆ ಉಳಿಯುವುದಿಲ್ಲ ಎಂದು ಹಟ ಹಿಡಿದು ಚಿಕ್ಕದನ್ನೇ ಉಳಿಸಿಕೊಂಡರು. ದೊಡ್ಡದು ಮೂರ್ತಪ್ಪನ ವರ್ಕ್‌ಶಾಪಿನ ಮೂಲೆ ಸೇರಿತು.

ಮೆಷಿನ್ ಇಡುವ ಕ್ರಮವೂ ಅವರದೇ. ಊದುಬತ್ತಿ ಹಚ್ಚಿ ಗಾಳಿ ಯಾವ ಕಡೆ ಎಂದು ನೋಡಿ, ಗಾಡಿಯಿಂದ ದೂರ, ಹೊಗೆ ಆಚೆ ಹೋಗುವಂತೆ ಚಪ್ಪಡಿ ಕಲ್ಲಿನ ಮೇಲೆ ಇಡಿಸುತ್ತಿದ್ದರು. ವೈರು ಉದ್ದ ಬೇಕಾದರೂ ಸರಿ, ಹೊಗೆ ಹತ್ತಿರ ಬರಕೂಡದು. ಪೂಜೆಯ ದಿನವೂ ಅದು ದೂರದ ಮತ್ತಿಮರದ ಕೆಳಗೇ ಇತ್ತು. ಬೆಳಗಾಗುವಷ್ಟರಲ್ಲಿ ಕಿಟಕಿಯ ಕೆಳಗೆ ಬಂದಿತ್ತು. ಇಬ್ಬನಿಗೆ ನೆನೆಯದಿರಲಿ ಎಂದು ಶಿವಯೋಗಪ್ಪನೇ ತಂದಿಟ್ಟುಕೊಂಡಿರಬೇಕು ಎಂದು ಎಲ್ಲರೂ ನಂಬಿದ್ದರು.

"ನೀವು ಮತ್ಯಾಕೆ ಬಂದ್ರಿ ಷಡಕ್ಷರಪ್ಪನೋರೆ? ಎಲ್ಲಾ ಗೊತ್ತಾಗಿದ್ದೇ ಅಲ್ವಾ?" ಎಂದರು ಜಗದಾಂಬಾ. "ಅವರು ಬೇಡ ಬೇಡ ಅಂದ್ರು. ನಾನು ಹಟ ಮಾಡಿ ಕೊಂಡುಕೊಂಡೆ. ನಾನು ಆರಿಸಿದ್ದೇ ಅವರನ್ನ ತಗೊಂಡು ಹೋಯ್ತು."

ಷಡಕ್ಷರಪ್ಪನವರು ಒದ್ದೆ ಆರದ ಚಿತ್ರವನ್ನು ಅವರ ಮಡಿಲಿಗಿಟ್ಟು ಹೂವಿನ ಸಂಗತಿ ಬಿಡಿಸಿ ಹೇಳಿದರು. ಆ ಚಿಕ್ಕ ಮೆಷಿನ್ ಆ ರಾತ್ರಿ ಒಂದು ಗಳಿಗೆಯೂ ಓಡಿಲ್ಲ, ಅದು ಯಾರನ್ನೂ ಕೊಂದಿಲ್ಲ ಎಂದರು. ಜಗದಾಂಬಾ ಚಿತ್ರವನ್ನು ಬೆರಳಿನಿಂದ ಸವರಿದರು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದರು. ಗಂಡ ಸತ್ತ ದಿನ ಬಾರದ ಅಳು ಅದು. ಹಾಳಾದ ಕಾಗದದ ಡಬ್ಬಿಯನ್ನು ನಾನು ಆಗಲೇ ಕ್ಷಮಿಸಿಬಿಟ್ಟೆ.

ಅಷ್ಟರಲ್ಲಿ ಷಡಕ್ಷರಪ್ಪನವರು ನನ್ನ ಜೇಬಿನಿಂದ ಕರವಸ್ತ್ರ ಎಳೆದು ಗಾಡಿಯ ಕಿಟಕಿಯ ಚೌಕಟ್ಟನ್ನು ಒರೆಸಿದರು. ಬಿಳಿ ಬಟ್ಟೆ ಕಪ್ಪಾಗಿ ಜಿಡ್ಡಾಯಿತು. ಅದನ್ನು ತಾವು ಮೂಸಿ, ನನಗೂ ಮೂಸಲು ಕೊಟ್ಟರು. ಸೀಮೆಎಣ್ಣೆಯ ವಾಸನೆ ಮೂಗಿಗೆ ರಪ್ಪನೆ ಹೊಡೆಯಿತು. ಚಿಕ್ಕ ಮೆಷಿನ್ ಸೀಮೆಎಣ್ಣೆ ಕುಡಿಯುವುದೇ ಇಲ್ಲ.

ಆ ರಾತ್ರಿ ಯಜಮಾನರಿಗೆ ಬೆಳಕಿನ ವ್ಯವಸ್ಥೆ ಏನಿತ್ತು ಎಂದು ಅವರು ಕೇಳಿದರು. ಜಗದಾಂಬಾ ಕಣ್ಣೊರೆಸಿಕೊಂಡು ಹೇಳಿದರು. ಹಬ್ಬದ ದಿನ ಬೆಳಿಗ್ಗೆ ಕೆರೆಯ ದಂಡೆಯಲ್ಲೇ ಗಾಡಿಗೂ ಮೆಷಿನ್ನಿಗೂ ಪೂಜೆ ಮಾಡಿದ್ದರು. ಮಧ್ಯಾಹ್ನ ತಾವು ಊರಿನ ಮನೆಗೆ ಬರಬೇಕಿತ್ತು, ಯಜಮಾನರು ಗಾಡಿ ಕಾಯಲು ಅಲ್ಲೇ ಉಳಿಯುವವರಿದ್ದರು. ಮೆಷಿನ್ ಓಡಿಸುವಂತಿಲ್ಲ, ಕಾಡಂಚಿನ ಕತ್ತಲು. ಅದಕ್ಕೇ ಬೆಳಗಾಗುತ್ತಲೇ ಒಡಹುಟ್ಟಿದ ತಮ್ಮ ಜಂಬಣ್ಣನನ್ನು ಭದ್ರಾವತಿಗೆ ಅಟ್ಟಿ, ಅಲ್ಲಿ ಪೂಜೆಗೆ ಕೂರಿಸುವ ಮುಂಚೆಯೇ ಆ ದೊಡ್ಡ ಮೆಷಿನ್ ಎಳೆದು ತಾ ಎಂದಿದ್ದರು.

"ಅದು ಕೆಟ್ಟು ಕೂತಿದೆ ಅಕ್ಕ ಅಂತ ಬರಿಗೈಲಿ ಬಂದ. ಪೆಟ್ರೋಮ್ಯಾಕ್ಸ್ ಇಟ್ಟು ಬಂದ್ವಿ," ಎಂದರು.

ಷಡಕ್ಷರಪ್ಪನವರು ನಸ್ಯದ ಡಬ್ಬಿ ತೆರೆದವರು ಏರಿಸದೆ ಹಾಗೆಯೇ ಮುಚ್ಚಿದರು. ಭದ್ರಾವತಿಗೆ ಹೋಗಿಬರೋಣ ಎಂದರು. ತಾನೂ ಬರುತ್ತೇನೆ ಎಂದು ಜಗದಾಂಬಾ ಎದ್ದರು. ಇಷ್ಟು ಬೇಗ ಹೊಸಿಲು ದಾಟುವುದೇ ಎಂದು ಪಕ್ಕದ ಮನೆಯ ಕರಿಬಸಮ್ಮ ಗೋಡೆಯ ಆಚೆಯಿಂದ ಆಕ್ಷೇಪ ತೆಗೆದಳು. ಲಿಂಗ ಕಟ್ಟಿದವರಿಗೆ ಎಲ್ಲಿಯ ಸೂತಕ ಎಂದು ಹೇಳಿ ಜಗದಾಂಬಾ ಜೀಪು ಹತ್ತಿದರು.

*

ಜೀಪು ಓಡಿಸಿದವನು ಜಂಬಣ್ಣ. ತೆಳ್ಳಗಿದ್ದರೂ ಗಟ್ಟಿ ಆಳು, ಇಪ್ಪತ್ತೈದರ ಆಸುಪಾಸು. ಅಕ್ಕ ಹತ್ತಿದಾಗ ಸೀಟಿನ ಧೂಳನ್ನು ತನ್ನ ಟವೆಲಿನಿಂದ ಒರೆಸಿಕೊಟ್ಟ. ಹೊಂಡ ಬಂದಲ್ಲೆಲ್ಲ ಅವರಿಗೆ ಕುಲುಕಬಾರದೆಂದು ಜೀಪನ್ನು ಮೆಲ್ಲಗೆ ಇಳಿಸಿ ಹತ್ತಿಸುತ್ತಿದ್ದ. ಇಂಥ ಹುಡುಗನ ಬಗ್ಗೆ ನನ್ನ ತಲೆಯಲ್ಲಿ ಬರುತ್ತಿದ್ದ ಯೋಚನೆಗೆ ನನಗೇ ನಾಚಿಕೆಯಾಯಿತು.

ತುಂಗೆಯ ಸೇತುವೆ ದಾಟುವಾಗ ನೀರು ನಿಂತ ಹಾಗೆ ಕಾಣುತ್ತಿತ್ತು. ಕೆಳಗೆ ಬಟ್ಟೆ ಒಗೆಯುವವರ ಕೈ ಎತ್ತಿದ್ದು ಕಾಣುತ್ತಿತ್ತು, ಸದ್ದು ಆಮೇಲೆ ಬರುತ್ತಿತ್ತು. ಅದಾದ ಮೇಲೆ ಬರೀ ಭತ್ತದ ಗದ್ದೆ, ಕಬ್ಬು, ಮತ್ತೆ ಭತ್ತ. ಕಾಳು ಕಟ್ಟುತ್ತಿದ್ದ ಪೈರಿನ ವಾಸನೆಗೆ ನನಗೆ ತೂಕಡಿಕೆ ಬಂತು. ಕಣ್ಣು ಮುಚ್ಚಿದರೆ ಕೆರೆಯ ನೀರಿನಲ್ಲಿ ತಲೆಕೆಳಗಾಗಿ ನಿಂತ ಗಾಡಿಮನೆ, ಅದರ ಹಳದಿ ಪರದೆ. ಒಳಗೆ ಯಾರೋ ರೇಡಿಯೋ ಹಾಕಿಕೊಂಡು ಸುಖವಾಗಿ ಮಲಗಿದ ಹಾಗೆ.

ನಡುನಡುವೆ ಎಚ್ಚರವಾದಾಗ ಜಗದಾಂಬಾ ಮಾತಾಡುತ್ತಿದ್ದರು. ಎದೆಯ ಭಾರ ಇಳಿದವರು ಹೀಗೆಯೇ ಮಾತಾಡುವುದು. ತಾಯಿ ತೀರಿಕೊಂಡಾಗ ಜಂಬಣ್ಣ ಹಾಲು ಕುಡಿಯುವ ಕೂಸಂತೆ. ಸೊಂಟದ ಮೇಲೆ ಹೊತ್ತು ಸಾಕಿದರಂತೆ. ಮದುವೆಯಾಗಿ ಬರುವಾಗಲೂ ಅವನನ್ನು ಕರೆದುಕೊಂಡೇ ಬಂದರಂತೆ. ತಮಗೆ ಮಕ್ಕಳಾಗಲಿಲ್ಲ, ಆ ಕೊರತೆ ಅವನಿಂದ ಕಾಣಲಿಲ್ಲ ಎಂದರು. ಹಬ್ಬ ಕಳೆದ ಮೇಲೆ ಇವನನ್ನು ಬೇರೆ ಇರಿಸಿಬಿಡೋಣ ಎಂದು ಯಜಮಾನರು ಹೇಳುತ್ತಿದ್ದುದನ್ನೂ ಹೇಳಿದರು. ಯಾಕೆ ಎಂದು ಷಡಕ್ಷರಪ್ಪನವರು ಕೇಳಿದರು. ಏನೋ, ಗಂಡಸರ ಮಾತು ಎಂದುಬಿಟ್ಟರು ಅವರು.

ಜಂಬಣ್ಣ ಹಿಂದಿರುಗಿ ನೋಡಲಿಲ್ಲ. ಅವನ ಕುತ್ತಿಗೆ ಮಾತ್ರ ನನಗೆ ಕಾಣುತ್ತಿತ್ತು.

ಭದ್ರಾವತಿ ಹತ್ತಿರವಾದಂತೆ ಆಕಾಶದ ಅಂಚು ಕಂದು ಬಣ್ಣವಾಯಿತು. ಕಾರ್ಖಾನೆಯ ಚಿಮಣಿಗಳ ಹೊಗೆ ಗಾಳಿಯಿಲ್ಲದೆ ನೇರ ಮೇಲೆದ್ದು ಅಲ್ಲೇ ನಿಂತಿತ್ತು. ಪಾಳಿ ಬಿಟ್ಟ ಕಾರ್ಮಿಕರು ಕನ್ನಡ, ತಮಿಳು, ತೆಲುಗು ಬೆರೆಸಿ ಮಾತಾಡುತ್ತ ಸೈಕಲ್ ತುಳಿದು ಹೋಗುತ್ತಿದ್ದರು.

*

ಮೂರ್ತಪ್ಪನ ವರ್ಕ್‌ಶಾಪಿನ ಮುಂದೆ ಜೀಪು ನಿಂತಿತು. ಇಂಜಿನ್ ಕಾದಿದೆ, ನೀರು ಹಾಕುತ್ತೇನೆ ಎಂದು ಜಂಬಣ್ಣ ಹೊರಗೇ ಉಳಿದ. ನಾವು ಮೂವರೂ ಒಳಗೆ ಹೋದೆವು.

ಮೂರ್ತಪ್ಪ ಅಗಲ ಭುಜದ ಮನುಷ್ಯ. ಅವನ ಕಣ್ಣು ಕೆಂಪಾಗಿತ್ತು. ವೆಲ್ಡಿಂಗ್ ಮಾಡಿಯೋ ಅತ್ತೋ ತಿಳಿಯದು. ಅತ್ತಿಗೆಯನ್ನು ಕಂಡವನೇ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟು, ಮೂಲೆಯಲ್ಲಿದ್ದ ಒಂದೇ ಕುರ್ಚಿಯನ್ನು ಒರೆಸಿ ಕೊಟ್ಟ. ಅವರ ಮುಖ ನೋಡಿ ಮಾತಾಡಲಿಲ್ಲ.

ಷಡಕ್ಷರಪ್ಪನವರಿಗೆ ಅವಸರವೇ ಇರಲಿಲ್ಲ. ಜಾತ್ರೆ ನೋಡಲು ಬಂದವರ ಹಾಗೆ ಒಂದೊಂದರ ಮುಂದೆಯೂ ನಿಂತು ನೋಡುತ್ತ ಹೋದರು. ಲೇತಿನ ಮೇಲೆ ವಿಭೂತಿ ಇತ್ತು. ಡ್ರಿಲ್ಲಿನ ಮೇಲೆ, ತಿದಿಯ ಮೇಲೆ, ವೆಲ್ಡಿಂಗ್ ಸೆಟ್ಟಿನ ಮೇಲೆ, ಬಾಗಿದ ಗರಗಸದ ಮೇಲೆ ಇತ್ತು. ಗಾಲಿ ಕಳಚಿದ ಒಂದು ಸೈಕಲ್ಲಿಗೂ, ರಿಪೇರಿಗೆ ಬಂದ ಕಬ್ಬಿಣದ ನೇಗಿಲಿಗೂ ಮೂರು ಪಟ್ಟೆ ಹಚ್ಚಿತ್ತು. ಒಣಗಿದ ಹೂವು ಎಲ್ಲೆಲ್ಲೂ ಉದುರಿಬಿದ್ದಿತ್ತು.

ಹಿಂದಿನ ಮೂಲೆಯಲ್ಲಿ ಗೋಣಿಚೀಲ ಹೊದಿಸಿದ್ದ ಏನೋ ಒಂದಿತ್ತು. ಷಡಕ್ಷರಪ್ಪನವರು ಚೀಲ ಎಳೆದರು. ಗಾಲಿಯ ಮೇಲೆ ಕೂತ ಆ ದೊಡ್ಡ ಜನರೇಟರು. ಮೈಮೇಲೆ ಧೂಳಿತ್ತು, ಮಸಿಯಿತ್ತು. ವಿಭೂತಿಯ ಒಂದು ಗೆರೆಯೂ ಇರಲಿಲ್ಲ.

"ಇದು ಕೆಟ್ಟಿದೆಯಾ ಮೂರ್ತಪ್ಪ?"

"ಇಲ್ಲ. ಚೆನ್ನಾಗಿದೆ."

ಕುರ್ಚಿಯಲ್ಲಿದ್ದ ಜಗದಾಂಬಾ ತಲೆ ಎತ್ತಿದರು. ಓಡಿಸಿ ತೋರಿಸು ಎಂದು ಷಡಕ್ಷರಪ್ಪನವರು ಹೇಳಿದರು. ಮೂರ್ತಪ್ಪ ಒಲ್ಲದ ಮನಸ್ಸಿನಿಂದ ಹ್ಯಾಂಡಲ್ ತಿರುಗಿಸಿದ. ಮೊದಲ ಸುತ್ತಿಗೇ ಮೆಷಿನ್ ಅಬ್ಬರಿಸಿ ಹೊರಟಿತು. ವರ್ಕ್‌ಶಾಪಿನ ತಗಡೆಲ್ಲ ನಡುಗಿತು, ಕರಿ ಹೊಗೆ ನಮ್ಮ ಕಾಲ ಸುತ್ತ ಹರಡಿತು. ಜಗದಾಂಬಾ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು. ಷಡಕ್ಷರಪ್ಪನವರು ಸಾಕು ಎಂದು ಸನ್ನೆ ಮಾಡಿದ ಮೇಲೆ ಅದು ನಿಂತಿತು.

"ಹಬ್ಬದ ದಿನ ಇದು ಎಲ್ಲಿತ್ತು?"

"ಇಲ್ಲೇ ಇತ್ತು. ಇದೇ ಮೂಲೆಲಿ."

"ಹಂಗಾದ್ರೆ ಇದಕ್ಕೆ ಯಾಕೆ ಪೂಜೆ ಮಾಡಲಿಲ್ಲ?"

ಅದು ಏಜೆಂಟನ ಸಾಮಾನು, ತಮ್ಮದಲ್ಲ ಎಂದು ಮೂರ್ತಪ್ಪ ಹೇಳಿದ. ಷಡಕ್ಷರಪ್ಪನವರು ನೇಗಿಲಿನ ಕಡೆ ಕೈ ತೋರಿಸಿ, ಆ ನೇಗಿಲು ನಿಮ್ಮದೋ ಎಂದು ಕೇಳಿದರು. ಆ ಸೈಕಲ್ಲು? ಊರಿನವರ ಮುರುಕು ಸಾಮಾನಿಗೆಲ್ಲ ವಿಭೂತಿ ಹಚ್ಚುವ ಕೈ, ಎದುರಿಗೇ ಇದ್ದ ಇಷ್ಟು ದೊಡ್ಡ ಯಂತ್ರವನ್ನು ಬಿಟ್ಟೀತೇ ಎಂದರು. ಮರೆತೆ ಎಂದು ಹೇಳಲು ಮೂರ್ತಪ್ಪನಿಗೆ ಬಾಯಿ ಬರಲಿಲ್ಲ. ಮೆಷಿನ್ ನಂಬಿ ಬದುಕುವವನು ಎಂಥ ಸುಳ್ಳು ಹೇಳಿದರೂ ಆ ಒಂದು ಸುಳ್ಳು ಹೇಳಲಾರ.

ಅವನು ನೆಲದ ಮೇಲೆ ಕುಸಿದು ಕೂತ.

"ಪೂಜೆ ಮಾಡೋ ಹೊತ್ತಿಗೆ ಇಲ್ಲಿರಲಿಲ್ಲ," ಎಂದ. "ಬೆಳಿಗ್ಗೆನೇ ಜಂಬಣ್ಣ ಬಂದು ಜೀಪಿಗೆ ಕಟ್ಕೊಂಡು ಹೋದ. ಅಕ್ಕ ಹೇಳಿಕಳಿಸಿದ್ದಾಳೆ, ಭಾವ ಕತ್ತಲಲ್ಲಿ ಇರ್ತಾರೆ ಅಂದ. ಮಾರನೇ ದಿನ ಬಂದು ಬಾಗಿಲು ತೆಗೆದ್ರೆ ಮೆಷಿನ್ ಹೊರಗೆ ನಿಂತಿತ್ತು. ಅದಾಗಿ ಸ್ವಲ್ಪ ಹೊತ್ತಿಗೆ ಅಣ್ಣನ ಸುದ್ದಿ ಬಂತು."

ಇಷ್ಟು ದಿನ ಬಾಯಿ ಬಿಡಲಿಲ್ಲ ಯಾಕೆ ಎಂದು ನಾನು ಕೇಳಿಯೇಬಿಟ್ಟೆ. ಅವನು ಅತ್ತಿಗೆಯ ಕಡೆ ತಿರುಗಿದ.

"ಅಣ್ಣನ್ನ ಕೊಂದಿದ್ದು ನಾನು ಕೊಟ್ಟ ಮೆಷಿನ್ ಅಂತ ನಿಮ್ಮ ಮುಂದೆ ಯಾವ ಬಾಯಲ್ಲಿ ಹೇಳ್ಲಿ ಅತ್ತಿಗೆ?"

ಜಗದಾಂಬಾ ಅವನನ್ನು ನೋಡಿದರೂ ನೋಡದವರಂತೆ ಇದ್ದರು. ಮಧ್ಯಾಹ್ನದಿಂದ ಅವರ ಮುಖದ ಮೇಲಿದ್ದ ನೆಮ್ಮದಿ ಹೊರಟುಹೋಗಿತ್ತು. ಅವರು ಲೆಕ್ಕ ಕೂಡಿಸುತ್ತಿದ್ದರು. ಬಲ್ಬು, ಫ್ಯಾನು, ರೇಡಿಯೋ ಎಂದು ಕೂಡಿಸಿದ ತಲೆಗೆ ಈ ಲೆಕ್ಕ ಎಷ್ಟರದು? ಕೂಡಿಸಿ ಮುಗಿದದ್ದು ನನಗೆ ಅವರ ಕಣ್ಣಿನಲ್ಲೇ ತಿಳಿಯಿತು.

ಷಡಕ್ಷರಪ್ಪನವರು ಮೃದುವಾಗಿಯೇ ಹೇಳುತ್ತ ಹೋದರು. ಯಾರೋ ದೊಡ್ಡ ಮೆಷಿನ್ನನ್ನು ಹಗಲೆಲ್ಲ ಎಲ್ಲೋ ಅಡಗಿಸಿಟ್ಟು, ಕತ್ತಲಾದ ಮೇಲೆ ತಂದು ಕಿಟಕಿಯ ಕೆಳಗೆ ಓಡಿಸಿದ. ಬೆಳಕು ಬಂತೆಂದು ಶಿವಯೋಗಪ್ಪ ಸಂತೋಷದಿಂದ ಮಲಗಿರಬೇಕು. ಕೆಲಸ ಮುಗಿದ ಮೇಲೆ ಅದನ್ನು ಎಳೆದೊಯ್ದು, ಆ ಜಾಗಕ್ಕೆ ಮರದ ಕೆಳಗಿದ್ದ ಚಿಕ್ಕದನ್ನು ತಂದಿಟ್ಟ. ಎಲ್ಲವೂ ಸರಿಯಾಗಿತ್ತು, ಒಂದನ್ನು ಬಿಟ್ಟು.

"ಆ ಚಿಕ್ಕದನ್ನ ಒಂದು ಗಳಿಗೆ ಓಡಿಸಿದ್ರೆ ಹೂವು ಸುಟ್ಟಿರೋದು, ನಾವು ಯಾರೂ ಇವತ್ತು ಇಲ್ಲಿರ್ತಿರಲಿಲ್ಲ. ಪೂಜೆ ಮಾಡಿದ್ದು ಅಂತ ಅವನಿಗೆ ಕೈ ಬರಲಿಲ್ಲ. ಹೂವು ಬೀಳದ ಹಾಗೆ ಎತ್ತಿ ತಂದಿಟ್ಟಿದ್ದಾನೆ. ಮನುಷ್ಯನ್ನ ಕೊಲ್ಲೋಕೆ ಹೆದರದವನು ಪೂಜೆ ಕೆಡಿಸೋಕೆ ಹೆದರಿದ."

ಬಾಗಿಲಲ್ಲಿ ಬೆಳಕು ಕಡಿಮೆಯಾಯಿತು. ಖಾಲಿ ಬಕೆಟ್ ಹಿಡಿದು ಜಂಬಣ್ಣ ನಿಂತಿದ್ದ. ನಮ್ಮ ಮಾತು ಎಷ್ಟು ಕೇಳಿಸಿಕೊಂಡಿದ್ದನೋ ಗೊತ್ತಿಲ್ಲ. ಸಂಜೆಯ ಬಿಸಿಲು ಅವನ ಬೆನ್ನ ಹಿಂದಿತ್ತು, ಮುಖ ಕಾಣುತ್ತಿರಲಿಲ್ಲ.

ಷಡಕ್ಷರಪ್ಪನವರು ಅವನ ಕಡೆ ನೋಡಲೇ ಇಲ್ಲ. ಕುರ್ಚಿಯ ಮುಂದೆ ಹೋಗಿ ನಿಂತರು.

"ತಾಯಿ, ಮಧ್ಯಾಹ್ನ ನಮಗೆ ಹೇಳಿದ್ದನ್ನ ಇನ್ನೊಂದು ಸಲ ಹೇಳಿ. ಈ ಮೆಷಿನ್ ಕೆಟ್ಟಿದೆ ಅಂತ ನಿಮಗೆ ಹೇಳಿದ್ದು ಯಾರು?"

ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. ಜಗದಾಂಬಾ ತಮ್ಮನನ್ನು ನೋಡಿದರು. ಅವರು ನೋಡುತ್ತಿದ್ದುದು ಬಾಗಿಲಲ್ಲಿ ನಿಂತ ಈ ಗಂಡಸನ್ನಲ್ಲ, ಬಹಳ ಹಿಂದಿನ ಯಾವುದೋ ಕೂಸನ್ನು ಎಂದು ನನಗನಿಸಿತು. ಹೇಳಿ ಅಮ್ಮ, ಹೇಳಿಬಿಡಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಒಂದು ಹೆಸರು ಹೇಳಿದರೆ ಸಾಕು, ಈ ಪಾಪ ಅವರ ತಲೆಯಿಂದ ಶಾಶ್ವತವಾಗಿ ಇಳಿಯುತ್ತಿತ್ತು.

"ಯಾರೂ ಹೇಳಲಿಲ್ಲ," ಎಂದರು ಜಗದಾಂಬಾ. "ಮಧ್ಯಾಹ್ನ ನಿಮಗೆ ಸುಳ್ಳು ಹೇಳಿದೆ. ಮೆಷಿನ್ ತರಿಸಿದ್ದು ನಾನೇ, ಕಿಟಕಿ ಕೆಳಗೆ ಇಡಿಸಿದ್ದೂ ನಾನೇ. ಅವನು ನಾನು ಹೇಳಿದ್ದಷ್ಟೇ ಮಾಡಿದ. ಅವನಿಗೇನೂ ತಿಳಿಯದು."

ಮೂರ್ತಪ್ಪ ಅತ್ತಿಗೆ ಎಂದು ಕೂಗುತ್ತ ಎದ್ದು ನಿಂತ. ಷಡಕ್ಷರಪ್ಪನವರು ಒಂದು ಹೆಜ್ಜೆ ಹಿಂದೆ ಸರಿದರು. ಇಷ್ಟು ವರ್ಷಗಳಲ್ಲಿ ನಾನು ಅವರನ್ನು ಹಾಗೆ ನೋಡಿದ್ದು ಅದೇ ಮೊದಲು. ಅದು ಅಪ್ಪಟ ಸುಳ್ಳು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅಲ್ಲ ಎನ್ನಬೇಕಾದವನು ಒಬ್ಬನೇ, ಅವನು ಬಾಗಿಲಲ್ಲಿದ್ದ.

ಜಗದಾಂಬಾ ಎದ್ದು ಸೆರಗು ಸರಿಮಾಡಿಕೊಂಡರು.

"ನಡೀರಿ, ಠಾಣೆಗೆ ಹೋಗೋಣ," ಎಂದರು. "ಜಂಬಣ್ಣ, ಜೀಪು ತೆಗಿ."

ಜಂಬಣ್ಣ ಬಕೆಟ್ಟನ್ನು ಸದ್ದಾಗದಂತೆ ಕೆಳಗಿಟ್ಟ. ಒಂದು ಮಾತೂ ಆಡದೆ ತಿರುಗಿ ಜೀಪಿನ ಕಡೆ ನಡೆದ.